ಗುಡ್ಡದ ಹಿಂದೆ ಚಿತ್ರ ಬರುತ್ತದೆಯೇ?

ಟ್ಯಾಮರಾಕ್, ಮಿಷಿಗನ್
14 ಜನವರಿ 1973

ಪ್ರೀತಿಯ ಸುಲೋ,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕೈಗವಸು ಮೊನ್ನೆ ತಲುಪಿತು. ಬಲು ಚೆಂದ. ನ್ಯೂಯಾರ್ಕಿನವರು ಕೈಗವಸನ್ನು ಯಾತಕ್ಕೆ ಹಾಕಿಕೊಳ್ಳುತ್ತಾರೋ ತಿಳಿಯದು, ಚಳಿಗಂತೂ ಅಲ್ಲ. ಅದನ್ನು ತೊಟ್ಟು ರಸ್ತೆಯ ತುದಿಯ ಅಂಚೆಪೆಟ್ಟಿಗೆಯವರೆಗೆ ಹೋಗಿಬಂದೆ. ಬೆರಳುಗಳು ನನ್ನವೇ ಎಂದು ಮತ್ತೆ ಅನ್ನಿಸಲು ಒಲೆಯ ಮುಂದೆ ಕಾಲು ಗಂಟೆ ಕೂರಬೇಕಾಯಿತು.

ಈಗ ನಿಜವಾದ ಸುದ್ದಿ. ಶುಕ್ರವಾರ ನನ್ನ ಮಧ್ಯಾಹ್ನದ ಅಡುಗೆ ಕಾರ್ಯಕ್ರಮ ಮುಗಿದ ಕೂಡಲೆ ಪೆನ್‌ಹೇಲ್ ಯಜಮಾನರು ನಮ್ಮ ಚಾನೆಲ್ ಐದರ ಹನ್ನೊಂದು ಜನರನ್ನೂ ಸ್ಟುಡಿಯೋದಲ್ಲಿ ನನ್ನ ಒಲೆಯ ಸುತ್ತ ನಿಲ್ಲಿಸಿದರು. ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಒಂದು ಕಾಗದ.

“ನ್ಯೂಯಾರ್ಕಿಂದ ಪತ್ರ ಬಂದಿದೆ. ಓದ್ತೀನಿ. ಮಧ್ಯೆ ಯಾರೂ ಬಯ್ಬೇಡಿ, ಕೊನೇಲಿ ಎಲ್ಲರೂ ಸೇರಿ ಬಯ್ಯೋಣ,” ಎಂದರು.

ಜೂನ್ ಮೂವತ್ತಕ್ಕೆ, ನಮಗೆ ಕಾರ್ಯಕ್ರಮ ಕಳಿಸುವ ನೆಟ್‌ವರ್ಕ್‌ನ ಜೊತೆ ನಮ್ಮ ಒಪ್ಪಂದ ಮುಗಿಯುತ್ತದೆ, ಮುಂದುವರಿಸುವ ಇರಾದೆ ಅವರಿಗಿಲ್ಲ. ಬ್ರಾಕೆಟ್ ಸಿಟಿಯ ಕೇಂದ್ರ ಹೊಸ ಗೋಪುರ ಕಟ್ಟಿದೆಯಂತೆ, ಅದರ ಪ್ರಸಾರವೇ ನಮ್ಮ ಊರಿಗೂ ಮುಟ್ಟುತ್ತದಂತೆ, ಒಂದೇ ಜಾಗಕ್ಕೆ ಎರಡು ಕೇಂದ್ರ ಯಾಕೆ ಎಂದು ಕೇಳುತ್ತಾರೆ. ಅದರ ಮೇಲೆ ಕಳೆದ ವರ್ಷ ನಾವು ಅವರ ಕಾರ್ಯಕ್ರಮಗಳನ್ನು ಮೂವತ್ತೊಂದು ಸಲ ಕತ್ತರಿಸಿ ನಮ್ಮದನ್ನು ತೋರಿಸಿದ್ದೇವಂತೆ. ನಿಜ, ತೋರಿಸಿದ್ದೇವೆ. ಹಿಮಪಾತವಾದಾಗ ಯಾವ ರಸ್ತೆ ಮುಚ್ಚಿದೆ ಎಂದು ಹೇಳುವುದು ಬೇಡವೇ? ನಮ್ಮ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಫೈನಲ್ ಬೇಡವೇ? ಒಂದು ಸಲ ಲಾಹ್ತಿ ಅಜ್ಜಿಯ ಹಸು ಕಳೆದುಹೋಗಿದ್ದಕ್ಕೂ ಕತ್ತರಿಸಿದ್ದೆವು. ಹಸು ಸಿಕ್ಕಿತು ಎನ್ನುವುದನ್ನು ಮಾತ್ರ ಪತ್ರದಲ್ಲಿ ಯಾರೂ ಬರೆದಿಲ್ಲ.

ನೆಟ್‌ವರ್ಕ್ ಹೋದರೆ ದಿನದ ಮುಕ್ಕಾಲು ಪಾಲು ನಮಗೆ ತೋರಿಸಲು ಏನೂ ಇರುವುದಿಲ್ಲ. ಚಳಿಗಾಲದೊಳಗೆ ಬಾಗಿಲಿಗೆ ಬೀಗ ಬೀಳುತ್ತದೆ ಎಂದರು ಯಜಮಾನರು. ಆಮೇಲೆ ಎಲ್ಲರೂ ಸೇರಿ ಬಯ್ದೆವು. ಎಂಜಿನಿಯರ್ ವೈನೋ ಮಾತ್ರ ಬಯ್ಯಲಿಲ್ಲ, ಗುಡ್ಡದ ಮೇಲೆ ಟ್ರಾನ್ಸ್‌ಮಿಟರ್ ಜೊತೆ ಇದ್ದೂ ಇದ್ದೂ ಆ ಮನುಷ್ಯನಿಗೆ ಮಾತೇ ಮರೆತುಹೋಗಿದೆ. ಎದ್ದು ನನ್ನ ಒಲೆಯ ತಂತಿ ಸರಿಮಾಡಲು ಕೂತ. ಅದು ಕೆಟ್ಟೇ ಇರಲಿಲ್ಲ.

ಪತ್ರದ ಕೆಳಗೆ ಆರ್. ವಿಟ್ಲೋ ಎಂಬವರ ಸಹಿ ಇದೆ. ನೀನು ಅದೇ ನೆಟ್‌ವರ್ಕಿನ ಅದೇ ಕಟ್ಟಡದಲ್ಲಿ ಇರುವವನು. ಅವರು ಲಿಫ್ಟಿನಲ್ಲಿ ಸಿಕ್ಕರೆ ಒಂದು ಮಾತು ಹಾಕಲಾರೆಯಾ?

ನಿನ್ನ ಅಕ್ಕ,
ಐಲಿ


ನ್ಯೂಯಾರ್ಕ್
23 ಜನವರಿ 1973

ಅಕ್ಕಾ,

ನಿನ್ನ ಪತ್ರ ಓದಿ ಬೇಸರವಾಯಿತು. ಈ ಕಟ್ಟಡಕ್ಕೆ ಮೂವತ್ತೆಂಟು ಮಹಡಿ. ವಿಟ್ಲೋ ಅವರನ್ನು ದೂರದಿಂದ ನೋಡಿದ್ದೇನೆ, ಅಷ್ಟೆ. ನನ್ನ ಕೆಲಸಕ್ಕೂ ಅವರ ಕೆಲಸಕ್ಕೂ ಸಂಬಂಧವಿಲ್ಲ. ನಾನು ಮಾತು ಹಾಕಿದರೆ ಅದಕ್ಕೆ ತೂಕವೂ ಇರುವುದಿಲ್ಲ. ತಪ್ಪು ತಿಳಿಯಬೇಡ.

ಇಲ್ಲಿ ಎಲ್ಲ ಕ್ಷೇಮ. ಮಂಗಳವಾರ ಒಂದು ಕಡೆ ಮೀನಿನ ಸಾರು ತಿಂದೆ, ಅಮ್ಮ ಮಾಡುತ್ತಿದ್ದುದರ ಹತ್ತಿರಕ್ಕೂ ಬರಲಿಲ್ಲ.

ಹಿಲ್ಯಾ ಚಿಕ್ಕಮ್ಮ ಹೇಗಿದ್ದಾಳೆ? ಕರಡಿಬೆನ್ನು ಗುಡ್ಡದ ಹಿಂದೆ ಅದೇ ಮನೆಯಲ್ಲಿದ್ದಾಳೆ ತಾನೆ? ಅವಳ ಟಿ.ವಿ.ಯಲ್ಲಿ ಬ್ರಾಕೆಟ್ ಸಿಟಿಯ ಚಿತ್ರ ಬರುತ್ತದೆಯೇ? ಸುಮ್ಮನೆ ಕೇಳಿದೆ.

ಸುಲೋ


ಟ್ಯಾಮರಾಕ್
4 ಫೆಬ್ರುವರಿ 1973

ಪ್ರೀತಿಯ ಸುಲೋ,

ಎಂಟು ವರ್ಷದ ಮೇಲೆ ನಿನಗೆ ಚಿಕ್ಕಮ್ಮನ ನೆನಪಾಯಿತಲ್ಲ, ಸಂತೋಷ. ಆ ಸಾಲನ್ನು ಅವಳಿಗೆ ಓದಿ ಹೇಳಿದೆ. ಏಪ್ರನ್ನಿನಲ್ಲಿ ಮೂಗೊರೆಸಿಕೊಂಡು, “ಹುಡುಗ ಒಳ್ಳೇವ್ನೇ ಕಣೆ, ಊರು ಕೆಟ್ಟದ್ದು ಅಷ್ಟೆ,” ಅಂದಳು. ಕಾಲುನೋವು ಹಾಗೇ ಇದೆ. ಬ್ರಾಕೆಟ್ ಸಿಟಿಯ ವಿಷಯ ಕೇಳಿದರೆ, “ನಂಗ್ಯಾಕೆ ಅದು? ನನ್ನ ಡಬ್ಬದ ಗುಂಡಿ ಐದರಲ್ಲೇ ತುಕ್ಕು ಹಿಡ್ದು ಕೂತಿದೆ,” ಎಂದಳು.

ನೀನು ಲಿಫ್ಟಿನಲ್ಲಿ ಮಾತಾಡುವುದು ಬೇಡ. ನಾನೇ ಮಾತಾಡಿಬಿಟ್ಟಿದ್ದೇನೆ. ಸೋಮವಾರ ಹಿಟ್ಟು ಕಲಸುತ್ತ ಕಲಸುತ್ತ ಕ್ಯಾಮೆರಾ ನೋಡಿ ಹೇಳಿದೆ: “ನಮ್ಮ ನೆಟ್‌ವರ್ಕ್ ನಮ್ಮನ್ನ ಬಿಡ್ತಾ ಇದೆ. ನಾವು ಬೇಕು ಅನ್ನಿಸಿದ್ರೆ ಅವ್ರಿಗೆ ಒಂದು ಪತ್ರ ಬರೀರಿ. ಬೇಡ ಅನ್ನಿಸಿದ್ರೂ ಬರೀರಿ, ಅಂಚೆಯವನಿಗೆ ಕೆಲಸ ಆಗ್ಲಿ. ಇಂಗ್ಲಿಷ್ ಬರದವರು ನಮ್ಮಜ್ಜಂದಿರ ಫಿನ್ನಿಷ್‌ನಲ್ಲೇ ಬರೀರಿ. ಓದೋರನ್ನ ಅವರು ಹುಡುಕ್ಕೊಳ್ಳಲಿ.”

ಯಜಮಾನರು ಗಾಜಿನ ಹಿಂದೆ ತಲೆ ಹಿಡಿದುಕೊಂಡು ಕೂತಿದ್ದರು. “ಬೇಡಿಕೊಳ್ಳೋದು ನಮ್ಮನೆ ಪದ್ಧತಿ ಅಲ್ಲ ಐಲಿ,” ಎಂದರು. “ನಾನೆಲ್ಲಿ ಬೇಡ್ಕೊಂಡೆ ಯಜಮಾನ್ರೇ, ವಿಳಾಸ ಹೇಳ್ದೆ,” ಎಂದೆ. ಮಂಗಳವಾರ ಬೆಳಿಗ್ಗೆ ನೋಡಿದರೆ ಅಂಚೆ ಕಚೇರಿಯಲ್ಲಿ ಅವರೇ ಸಾಲಿನಲ್ಲಿ ನಿಂತಿದ್ದರಂತೆ, ಟೊಪ್ಪಿಯನ್ನು ಕಣ್ಣಿನವರೆಗೆ ಇಳಿಸಿಕೊಂಡು.

ನಾನು ಗಟ್ಟಿಯಾಗಿದ್ದೇನೆ. ಈ ವಿಷಯಕ್ಕೆ ಒಂದು ಹನಿ ಕಣ್ಣೀರೂ ಹಾಕಿಲ್ಲ. ಒಲೆ ಮಾತ್ರ ಬುಧವಾರ ಮತ್ತೆ ಕೆಟ್ಟಿತ್ತು.

ಐಲಿ


ನ್ಯೂಯಾರ್ಕ್
20 ಫೆಬ್ರುವರಿ 1973

ಅಕ್ಕಾ,

ಪತ್ರಗಳು ಬರುತ್ತಿವೆಯಂತೆ. ಅಂಚೆ ವಿಭಾಗದವರು ಮಾತಾಡಿಕೊಳ್ಳುತ್ತಿದ್ದರು. ಮೊದಲ ದಿನ ಒಂದು ಕಟ್ಟು, ಆಮೇಲೆ ಚೀಲ. ಅರ್ಧಕ್ಕರ್ಧ ಯಾರಿಗೂ ತಿಳಿಯದ ಭಾಷೆಯಲ್ಲಿವೆಯಂತೆ. ಒಂದರೊಳಗೆ ಒಣಗಿಸಿದ ಮೀನು ಇತ್ತು. ಅದನ್ನು ಅಂಚೆಯವರು ಬೇಗ ವಿಲೇವಾರಿ ಮಾಡಿದರು.

ಎರಡು ಪ್ರಶ್ನೆ. ಪ್ಯಾನ್‌ಕೇಕಿಗೆ ಈರುಳ್ಳಿ ಹಾಕುವುದನ್ನು ನೀನು ಯಾವಾಗ ಶುರುಮಾಡಿದೆ? ನಿನ್ನ ಒಲೆ ಬುಧವಾರಗಳಂದೇ ಯಾಕೆ ಕೆಡುತ್ತದೆ?

ಇನ್ನೊಂದು ಮಾತು, ಇದು ತಮಾಷೆಯಲ್ಲ. ನಾಬ್ ತಿರುಗುವ ಒಂದು ಟಿ.ವಿ.ಯನ್ನು ಗುಡ್ಡದ ಹಿಂದಿನ ಮನೆಮನೆಗೂ ಒಯ್ದು ಬ್ರಾಕೆಟ್ ಸಿಟಿಯ ಚಿತ್ರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಬರೆದುಕೊಂಡರೆ ಒಳ್ಳೆಯದಿತ್ತು. ಪ್ರತಿ ಮನೆಯ ಹೆಸರು, ಹೊತ್ತು, ಕೆಳಗೆ ಎಂಜಿನಿಯರ್ ಸಹಿ. ಅದನ್ನು ನೇರವಾಗಿ ವಿಟ್ಲೋ ಅವರಿಗೇ ಕಳಿಸಿ. ಹೇಳಿದ್ದು ನಾನು ಎಂದು ಯಾರಿಗೂ ಹೇಳಬೇಡ.

ಸುಲೋ


ಟ್ಯಾಮರಾಕ್
4 ಮಾರ್ಚ್ 1973

ಪ್ರೀತಿಯ ಸುಲೋ,

ಈರುಳ್ಳಿಯ ವಿಷಯ ನಿನಗೆ ಹೇಳಿದವಳು ಚಿಕ್ಕಮ್ಮನೇ ಇರಬೇಕು. ಸರಿ, ಒಂದು ದಿನ ಕಾರ್ಯಕ್ರಮದ ನಡುವೆ ಸ್ವಲ್ಪ ಅತ್ತೆ. ಕೈಗೆ ಸಿಕ್ಕ ನೆಪ ಈರುಳ್ಳಿ. ಬಾಣಲೆಯಲ್ಲಿದ್ದದ್ದು ಪ್ಯಾನ್‌ಕೇಕ್ ಎಂದು ಹೇಳಿ ಮುಗಿದ ಮೇಲೆ ನೆನಪಾಯಿತು. ಒಲೆಯ ಪ್ರಶ್ನೆಗೆ ಉತ್ತರವಿಲ್ಲ, ಅದು ಹಳೆಯ ಒಲೆ.

ನೀನು ಹೇಳಿದ ಕೆಲಸ ಮಾಡಿದೆವು. ಗುರುವಾರ ಬೆಳಕು ಹರಿಯುತ್ತಲೇ ವೈನೋ ಗುಡ್ಡದ ಮೇಲೆ ಬದಲಿ ಹುಡುಗನನ್ನು ಕೂರಿಸಿ, ತನ್ನ ಟ್ರಕ್ಕಿಗೆ ಟಿ.ವಿ., ಜನರೇಟರ್, ಮೂವತ್ತಡಿ ಕೊಳವೆಯ ಆಂಟೆನಾ ಹೇರಿದ. ಪಟ್ಟಿ ಬರೆಯಲು ನಾನು, ಅಂದಿನ ನನ್ನ ಕಾರ್ಯಕ್ರಮಕ್ಕೆ ಯಜಮಾನರು ರಜೆ ಕೊಟ್ಟರು. ಹದಿನೇಳು ಮನೆ ಸುಲೋ. ಯಾರ ಮನೆಯಲ್ಲೂ ಕಾಫಿ, ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಮುಟ್ಟದೆ ಹೊರಗೆ ಬಿಡಲಿಲ್ಲ. ಒಂಬತ್ತನೆಯ ಮನೆಯ ಹೊತ್ತಿಗೆ ವೈನೋ ಬೆಲ್ಟನ್ನು ಎರಡು ತೂತು ಸಡಿಲಿಸಿದ್ದ. ಹದಿಮೂರನೆಯ ಮನೆಯಲ್ಲಿ, “ಬೇಡ,” ಎಂದ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ಮಾತು ಅದು. ಅವರು ಕೇಳಿಸಿಕೊಳ್ಳಲಿಲ್ಲ.

ಚಿಕ್ಕಮ್ಮನ ಅಡುಗೆಮನೆಯಲ್ಲಿ ಟಿ.ವಿ. ಇಟ್ಟು ಬ್ರಾಕೆಟ್ ಸಿಟಿಗೆ ತಿರುಗಿಸಿದೆವು. ಪರದೆಯ ತುಂಬ ಬಿಳಿ ಚುಕ್ಕೆ, ಬುಸ್ಸೆನ್ನುವ ಸದ್ದು. ಅವಳು ಕಿಟಕಿ ನೋಡಿದಳು, ಪರದೆ ನೋಡಿದಳು. “ಹೊರಗೆ ಬೀಳೋ ಹಿಮ ಸಾಲ್ದು ಅಂತ ಇದನ್ನೂ ಹೊತ್ಕೊಂಡು ಬಂದ್ರಾ?” ಎಂದಳು. ವೈನೋ ಅದನ್ನು ಹಾಗೇ ಪಟ್ಟಿಯಲ್ಲಿ ಬರೆಸಿದ.

ಹದಿನಾರು ಮನೆಯಲ್ಲೂ ಇದೇ ಕಥೆ. ಒಂದೇ ಒಂದು ಕಡೆ ಚಿತ್ರ ಕನ್ನಡಿಯ ಹಾಗೆ ಬಂತು, ಅದೂ ಪಾದ್ರಿ ನೀಬೆರ್ಗ್ ಅವರ ಹಬೆಸ್ನಾನದ ಸೌನಾ ಮನೆಯ ಮಾಡಿನ ಮೇಲೆ.

“ಬ್ರಾಕೆಟ್ ನೋಡ್ಬೇಕಂದ್ರೆ ನೀವು ಇಲ್ಲಿ ಹತ್ತಿ ಕೂರ್ಬೇಕು ಪಾದ್ರಿಗಳೇ,” ಎಂದೆ.

“ಅಂಥ ಪಾಪ ನಾನೇನೂ ಮಾಡಿಲ್ಲಮ್ಮ,” ಎಂದರು. ಆದರೆ ಏಣಿ ಹಿಡಿದುಕೊಂಡು ಎರಡು ಸಲ ಹತ್ತಿ ನೋಡಿದರು.

ಪ್ರಾಮಾಣಿಕವಾಗಿ ಅದನ್ನೂ ಬರೆದಿದ್ದೇವೆ. ಮರಳುವಾಗ ಸಂಜೆ ಟ್ರಕ್ಕು ಹಿಮದಲ್ಲಿ ಹೂತುಹೋಯಿತು. ಹಿಮ ತಳ್ಳುವ ಗಾಡಿ ಬರುವ ತನಕ ಎರಡು ಗಂಟೆ ಒಳಗೇ ಕೂತಿದ್ದೆವು. ಬೇರೆ ವಿಶೇಷವೇನೂ ಇಲ್ಲ. ಪಟ್ಟಿ ಇವತ್ತೇ ವಿಟ್ಲೋ ಅವರಿಗೆ ಅಂಚೆಗೆ ಹಾಕಿದೆ.

ಐಲಿ


ಟ್ಯಾಮರಾಕ್
19 ಮಾರ್ಚ್ 1973

ಶ್ರೀ ಎಸ್. ಕಾಂಗಾಸ್ ಅವರಿಗೆ,
ಉಪ ವ್ಯವಸ್ಥಾಪಕರು, ಸ್ಥಳೀಯ ಕೇಂದ್ರಗಳ ವಿಭಾಗ

ಮಾನ್ಯರೇ,

ಈ ಊರಿನ ಲಾಹ್ತಿ ಅಜ್ಜಿ ಎಂಬವರು ತಮ್ಮ ನೆಟ್‌ವರ್ಕಿಗೆ ಫಿನ್ನಿಷ್ ಭಾಷೆಯಲ್ಲಿ ಪತ್ರ ಬರೆದು, ಓದುವವರು ಯಾರಾದರೂ ಇದ್ದರೆ ಒಂದು ಸಾಲು ಉತ್ತರಿಸಬೇಕೆಂದು ಕೋರಿದ್ದರು. ತಾವು ಎರಡು ಪುಟ ಉತ್ತರಿಸಿದ್ದೀರಿ. ಅಜ್ಜಿ ಅದನ್ನು ನಿನ್ನೆ ಚರ್ಚಿನಲ್ಲಿ ಎಲ್ಲರಿಗೂ ತೋರಿಸಿದರು. “ಐಲಿ, ನಿನ್ ತಮ್ಮ ಭಾಷೆ ಮರೆತಿಲ್ಲ ಕಣೆ, ಅಕ್ಷರ ಎಷ್ಟು ದುಂಡಗಿದೆ ನೋಡು,” ಎಂದು ನನ್ನ ಕೈಗಿಟ್ಟರು.

ಅಕ್ಷರ ದುಂಡಗಿತ್ತು. ಅದರ ಕೆಳಗೆ ತಮ್ಮ ಹೆಸರು, ಹುದ್ದೆ, ವಿಭಾಗ ಅಚ್ಚಾಗಿತ್ತು. ನಮ್ಮ ಒಪ್ಪಂದ ಮುರಿಯುವ ಪತ್ರ ಬಂದ ಕಾಗದವೂ ಅದೇ ವಿಭಾಗದ್ದು.

ಇನ್ನು ಮುಂದೆ ನಮ್ಮ ಕೇಂದ್ರದ ವಿಷಯಗಳನ್ನು ಪೆನ್‌ಹೇಲ್ ಅವರೊಂದಿಗೆ ಮಾತ್ರ ಚರ್ಚಿಸಬೇಕಾಗಿ ವಿನಂತಿ.

ಐಲಿ ಕಾಂಗಾಸ್


ನ್ಯೂಯಾರ್ಕ್
25 ಮಾರ್ಚ್ 1973

ಅಕ್ಕಾ,

ನಾನು ಸುಳ್ಳು ಹೇಳಿದೆ. ವಿಟ್ಲೋ ಅವರ ಬಾಗಿಲಿಗೆ ನನ್ನ ಮೇಜಿನಿಂದ ಹನ್ನೆರಡು ಹೆಜ್ಜೆ.

ಪೂರ್ತಿ ಹೇಳುತ್ತೇನೆ. ಡಿಸೆಂಬರಿನಲ್ಲಿ ಅವರು ನನ್ನ ಮುಂದೆ ಒಂದು ನಕ್ಷೆ ಹರಡಿ, “ಬ್ರಾಕೆಟ್ಟಿನ ಹೊಸ ಗೋಪುರ ಎಲ್ಲೀವರೆಗೆ ಮುಟ್ಟುತ್ತೆ, ಗೆರೆ ಎಳಿ,” ಎಂದರು. ಕೈವಾರ ತೆಗೆದು ವೃತ್ತ ಎಳೆದೆ. ಟ್ಯಾಮರಾಕ್ ಒಳಗೆ ಬಿತ್ತು. ಆ ನಕ್ಷೆಯಲ್ಲಿ ಗುಡ್ಡಗಳಿರಲಿಲ್ಲ. ಆದರೆ ಕರಡಿಬೆನ್ನು ಎಷ್ಟೆತ್ತರ ಎಂದು ನನಗಿಂತ ಚೆನ್ನಾಗಿ ಈ ಮೂವತ್ತೆಂಟು ಮಹಡಿಯಲ್ಲಿ ಯಾರಿಗೆ ಗೊತ್ತು? ಗುಡ್ಡದ ಹಿಂದೆ ಹುಟ್ಟಿ, ಗುಡ್ಡದ ಮೇಲಿನ ಟ್ರಾನ್ಸ್‌ಮಿಟರ್ ಷೆಡ್ಡಿನಲ್ಲಿ ಎರಡು ವರ್ಷ ದುಡಿದವನು ನಾನು. ಬಾಯಿ ತೆರೆದರೆ ಊರಿನ ಪಕ್ಷ ವಹಿಸುತ್ತಿದ್ದಾನೆ ಎಂದಾರು ಎಂದು ಹೆದರಿದೆ. ನಾನು ಎಲ್ಲಿಯವನು ಎಂದು ಇಲ್ಲಿ ಯಾರಿಗೂ ಹೇಳಿಯೇ ಇರಲಿಲ್ಲ. ಕೇಳಿದವರಿಗೆ “ಡೆಟ್ರಾಯಿಟ್ ಕಡೆ” ಎನ್ನುತ್ತಿದ್ದೆ.

ಫೆಬ್ರುವರಿಯಲ್ಲಿ ಚೀಲಗಳು ಬಂದವು. ವಿಟ್ಲೋ ಒಂದು ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಯಾರು ಓದ್ತಾರಪ್ಪಾ?” ಎಂದರು. “ನಾನು ಓದ್ತೀನಿ,” ಎಂದುಬಿಟ್ಟೆ. ಅಂದಿನಿಂದ ದಿನಾ ಓದುತ್ತಿದ್ದೇನೆ. ನೀನು ಪತ್ರದಲ್ಲಿ ಬರೆಯದ್ದನ್ನೆಲ್ಲ ಊರಿನವರು ಬರೆದಿದ್ದಾರೆ. ಹಿಮಪಾತದ ದಿನ ನೀನು ಒಂಬತ್ತು ಗಂಟೆ ಕ್ಯಾಮೆರಾ ಮುಂದೆ ನಿಂತು ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದವರ ಹೆಸರು ಓದಿದ್ದು, ಪ್ಯಾನ್‌ಕೇಕಿನ ಈರುಳ್ಳಿ, ಎಲ್ಲ. ಒಬ್ಬ ಹೆಂಗಸಂತೂ ಬರೆದಿದ್ದಾಳೆ: “ಆ ಎಂಜಿನಿಯರ್ ಮೂರು ವರ್ಷದಿಂದ ಬುಧವಾರ ಬುಧವಾರ ಬಂದು ಅವಳ ಅಡುಗೆ ರುಚಿ ನೋಡ್ತಾನೆ, ಒಲೆ ಬಿಚ್ಚಿ ಮತ್ತೆ ಜೋಡಿಸ್ತಾನೆ. ಕೇಂದ್ರ ಮುಚ್ಚಿದ್ರೆ ಅವನು ಅವಳನ್ನ ಕೇಳೋದು ಯಾವಾಗ? ಇದನ್ನ ನೀವೇ ಯೋಚನೆ ಮಾಡಿ.”

ಲಾಹ್ತಿ ಅಜ್ಜಿ ಬರೆದಿದ್ದರು, ಉತ್ತರ ಬರದಿದ್ದರೆ ಗೋಡೆಗೆ ಮಾತಾಡಿದೆ ಅಂದುಕೊಳ್ಳುತ್ತೇನೆ ಎಂದು. ಗೋಡೆಯ ಹಾಗೆ ಸುಮ್ಮನಿರಲು ಆಗಲಿಲ್ಲ. ಸಿಕ್ಕಿಬೀಳುತ್ತೇನೆ ಎಂದು ಗೊತ್ತಿತ್ತೋ ಇಲ್ಲವೋ, ಈಗ ಯೋಚಿಸಿದರೆ ನನಗೇ ತಿಳಿಯುತ್ತಿಲ್ಲ.

ನಿಮ್ಮ ಪಟ್ಟಿ ಬಂದಿದೆ. ಅಂತಿಮ ಸಭೆ ಏಪ್ರಿಲ್ ಇಪ್ಪತ್ತಾರಕ್ಕೆ.

ಸುಲೋ


ನ್ಯೂಯಾರ್ಕ್
27 ಏಪ್ರಿಲ್ 1973

ಅಕ್ಕಾ,

ನಿನ್ನಿಂದ ಒಂದು ಸಾಲೂ ಬಂದಿಲ್ಲ. ಬರಬೇಕಾಗಿಯೂ ಇಲ್ಲ. ಆದರೆ ನಿನ್ನೆ ನಡೆದದ್ದನ್ನು ನೀನು ನನ್ನಿಂದಲೇ ಕೇಳಬೇಕು.

ಉದ್ದನೆಯ ಮೇಜು, ಒಂಬತ್ತು ಜನ. ನಾನು ಮುನ್ನೂರ ಹನ್ನೆರಡು ಫಿನ್ನಿಷ್ ಪತ್ರಗಳನ್ನು ಇಂಗ್ಲಿಷಿಗೆ ಮಾಡಿ ಕಟ್ಟಿ ಇಟ್ಟಿದ್ದೆ. ಹದಿನೇಳು ಮನೆಯ ಪಟ್ಟಿಯನ್ನು ಎಲ್ಲರಿಗೂ ಹಂಚಿದೆ. ಚಿಕ್ಕಮ್ಮನ ಮಾತು ಓದಿ ಇಬ್ಬರು ನಕ್ಕರು. ಜಾಹೀರಾತು ವಿಭಾಗದವನು ನಗಲಿಲ್ಲ. “ನಮ್ಮ ನಕ್ಷೆ ಪ್ರಕಾರ ಇಡೀ ಜಾಗ ಬ್ರಾಕೆಟ್ ವೃತ್ತದೊಳಗಿದೆ. ಒಂದು ಟ್ರಕ್ಕಲ್ಲಿ ಟಿ.ವಿ. ಇಟ್ಕೊಂಡು ಸುತ್ತಿದವರ ಮಾತು ನಂಬೋದಾ, ನಕ್ಷೆ ನಂಬೋದಾ?” ಎಂದ.

ಎದ್ದು ನಿಂತೆ. “ನಕ್ಷೆ ತಪ್ಪು. ಮಧ್ಯದ ಗುಡ್ಡ ಅದರಲ್ಲಿಲ್ಲ. ಎಳೆದವನು ನಾನು,” ಎಂದೆ.

ವಿಟ್ಲೋ ಕನ್ನಡಕ ತೆಗೆದರು. “ಅಲ್ಲಿ ಗುಡ್ಡ ಇದೆ ಅಂತ ನಿನಗೆ ಹೇಗೆ ಗೊತ್ತು?”

“ಅದರ ಹಿಂದೆ ಹುಟ್ಟಿದವನು ಸಾರ್. ಮಧ್ಯಾಹ್ನದ ಕಾರ್ಯಕ್ರಮ ನಡೆಸೋದು ನಮ್ಮಕ್ಕ.”

“ಎಳೆಯೋವಾಗ್ಲೇ ಹೇಳಬಹುದಿತ್ತಲ್ಲ?”

“ಹೇಳಬೇಕಿತ್ತು.”

ಕೆಲಸ ಹೋಯಿತು ಎಂದುಕೊಂಡೆ. ಆದರೂ ಕೂರದೆ ನಿಂತೇ ಇದ್ದೆ. ವಿಟ್ಲೋ ನನ್ನ ಕಟ್ಟಿನ ಹಾಳೆಗಳನ್ನು ಮಗುಚುತ್ತಿದ್ದರು. ಒಂದು ಹಾಳೆಯಲ್ಲಿ ನಿಲ್ಲಿಸಿದರು.

“ಈ ಹಸು ಕಳ್ಕೊಂಡ ಅಜ್ಜಿ. ಹಸು ಸಿಕ್ತಾ?”

“ಸಿಕ್ತು ಸಾರ್. ಪ್ರಸಾರ ಮಾಡಿದ ನಲವತ್ತು ನಿಮಿಷಕ್ಕೆ.”

“ನಲವತ್ತು ನಿಮಿಷ,” ಎಂದು ಜಾಹೀರಾತಿನವನ ಕಡೆ ತಿರುಗಿದರು. “ನಮ್ಮ ಯಾವ ಕಾರ್ಯಕ್ರಮನಾದ್ರೂ ಜನ ಇಷ್ಟು ಗಮನ ಇಟ್ಟು ನೋಡ್ತಾರೇನ್ರೀ?”

ಎರಡು ವರ್ಷಕ್ಕೆ ಒಪ್ಪಂದ ಮುಂದುವರಿಯುತ್ತದೆ. ಕಾಗದ ನಾಳೆ ಯಜಮಾನರಿಗೆ ಹೊರಡುತ್ತದೆ. ಪಾದ್ರಿಗಳ ಸೌನಾದ ಮಾಡನ್ನು ಬ್ರಾಕೆಟ್ ಸಿಟಿಗೆ ಬಿಟ್ಟುಕೊಡಲಾಗಿದೆ.

ನನ್ನನ್ನು ನಕ್ಷೆಯ ಕೆಲಸದಿಂದ ತೆಗೆದು, ದೇಶದ ಎಲ್ಲ ಊರುಗಳಿಂದ ಬರುವ ಪತ್ರ ಓದುವುದಕ್ಕೆ ಹಾಕಿದ್ದಾರೆ. ಇದು ಶಿಕ್ಷೆಯೋ ಬಡ್ತಿಯೋ ಕೇಳಿಲ್ಲ. ನನಗೆ ಇಷ್ಟವಾಗಿದೆ.

ಸುಲೋ


ಟ್ಯಾಮರಾಕ್
6 ಮೇ 1973

ಸುಲೋ, ನನ್ನ ತಮ್ಮಾ,

ಬುಧವಾರ ಕಾಗದ ಬಂತು. ಯಜಮಾನರು ಹುಟ್ಟಿದ ಮೇಲೆ ಮೊದಲ ಬಾರಿಗೆ ಕ್ಯಾಮೆರಾ ಮುಂದೆ ಬಂದು ನಿಂತರು. ಕಾಗದವನ್ನು ತಲೆಕೆಳಗಾಗಿ ಹಿಡಿದಿದ್ದರು, ಆದರೂ ಒಂದಕ್ಷರ ತಪ್ಪದೆ ಓದಿದರು. ಐದು ನಿಮಿಷಕ್ಕೆ ಮುಖ್ಯರಸ್ತೆಯಲ್ಲಿ ಒಂದೊಂದೇ ಕಾರು ಹಾರ್ನ್ ಹೊಡೆಯಲು ಶುರುಮಾಡಿತು. ಬಂದರಿನಲ್ಲಿ ಅದಿರಿನ ಹಡಗಿನವರೂ ಊದಿದರು, ಅವರಿಗೆ ಯಾಕೆಂದು ಗೊತ್ತಿತ್ತೋ ಇಲ್ಲವೋ. ಲಾಹ್ತಿ ಅಜ್ಜಿ ಹಸುವನ್ನೇ ಹೊಡೆದುಕೊಂಡು ಸ್ಟುಡಿಯೋ ಬಾಗಿಲಿಗೆ ಬಂದರು. ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಅದನ್ನೂ ತೋರಿಸಿದೆವು.

ನಿನ್ನ ಮಾರ್ಚಿನ ಪತ್ರವನ್ನು ನಾನು ಒಡೆದೇ ಇರಲಿಲ್ಲ. ಹಿಟ್ಟಿನ ಡಬ್ಬದ ಹಿಂದೆ ತುರುಕಿದ್ದೆ. ಏಪ್ರಿಲ್ ಪತ್ರ ಬಂದಾಗ ಎರಡನ್ನೂ ವೈನೋ ಕೈಗೆ ಕೊಟ್ಟು, “ನೀನೇ ಓದು, ನನಗೆ ಕೈ ಬರಲ್ಲ,” ಎಂದೆ. ಅವನು ನಿಂತುಕೊಂಡೇ ಎರಡೂ ಓದಿದ. ಆಮೇಲೆ, “ಐಲಿ, ತಪ್ಪು ಮಾಡಿದವನು ಅವನು. ಅದನ್ನ ಒಂಬತ್ತು ಜನರ ಮುಂದೆ ಹೇಳಿದವನೂ ಅವನೇ. ನಾನಾಗಿದ್ರೆ ಒಬ್ಬರ ಮುಂದೂ ಹೇಳ್ತಿರಲಿಲ್ಲ,” ಎಂದ. ವೈನೋನ ಮಟ್ಟಿಗೆ ಇದೊಂದು ಭಾಷಣ. ನಾನು ಕೂತು ಅತ್ತೆ. ಹತ್ತಿರದಲ್ಲಿ ಈರುಳ್ಳಿ ಇರಲಿಲ್ಲ.

ಮುಚ್ಚಿಟ್ಟವನು ನೀನೊಬ್ಬನೇ ಅಲ್ಲ. ಆ ಎರಡು ಗಂಟೆ ಟ್ರಕ್ಕು ಹಿಮದಲ್ಲಿ ಹೂತಿದ್ದಾಗ ವೈನೋ ನನ್ನನ್ನು ಮದುವೆಗೆ ಕೇಳಿದ. ಒಂದು ಗಂಟೆ ಐವತ್ತು ನಿಮಿಷ ಗಾಜು ಒರೆಸಿದ, ಕೊನೆಯ ಹತ್ತು ನಿಮಿಷದಲ್ಲಿ ಕೇಳಿದ. ನನಗೆ ನಲವತ್ತೊಂದು, ಅವನಿಗೆ ನಲವತ್ತೈದು, ಊರು ನಗುತ್ತದೆ ಎಂದುಕೊಂಡು ನಿನಗೂ ಬರೆಯಲಿಲ್ಲ. ನೋಡಿದರೆ ಊರು ನನಗಿಂತ ಮೊದಲೇ ನ್ಯೂಯಾರ್ಕಿಗೆ ಬರೆದು ಮುಗಿಸಿದೆ.

ಜೂನ್ ಇಪ್ಪತ್ತಮೂರು, ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಶನಿವಾರ, ಮದುವೆ. ಚರ್ಚಿನಲ್ಲಿ ಇನ್ನೂರು ಜನ ಹಿಡಿಯುತ್ತಾರೆ, ಬರುತ್ತೇವೆ ಎಂದವರು ಎರಡು ಸಾವಿರ. ಅದಕ್ಕೆ ಪಾದ್ರಿಗಳೇ ದಾರಿ ತೋರಿಸಿದರು: ಸ್ಟುಡಿಯೋದಲ್ಲಿ ಮದುವೆ, ಎಲ್ಲರೂ ಮನೆಯಲ್ಲಿ ಕೂತು ನೋಡಲಿ, ಸಂಜೆ ಸರೋವರದ ದಂಡೆಯಲ್ಲಿ ಬೆಂಕಿ ಹಾಕಿದಾಗ ಎಲ್ಲರೂ ಸೇರಲಿ.

ತೊಡಕು ಎರಡು. ಆ ಹೊತ್ತಿಗೆ ನಿಮ್ಮ ನೆಟ್‌ವರ್ಕಿನ ಬೇಸ್‌ಬಾಲ್ ಆಟ ಇದೆ. ಇನ್ನೊಂದು ಇದಕ್ಕಿಂತ ದೊಡ್ಡದು. ಲೈಸೆನ್ಸ್ ಇರುವವರು ಗುಡ್ಡದ ಮೇಲೆ ಟ್ರಾನ್ಸ್‌ಮಿಟರ್ ಹತ್ತಿರ ಕೂರದೆ ಪ್ರಸಾರ ಮಾಡುವಂತಿಲ್ಲ, ಬದಲಿ ಹುಡುಗ ಕಳೆದ ತಿಂಗಳು ಕೆಲಸ ಬಿಟ್ಟುಹೋದ, ಈಗ ಲೈಸೆನ್ಸ್ ಇರುವುದು ವೈನೋ ಒಬ್ಬನಿಗೇ. “ಪ್ರಮಾಣ ಮುಗಿಸಿ ಓಡಿ ಹೋಗ್ತೀನಿ,” ಎನ್ನುತ್ತಾನೆ. “ಪ್ರಮಾಣ ತೋರಿಸೋಕೇ ತಾನೆ ಪ್ರಸಾರ ಬೇಕಿರೋದು ಮಾರಾಯ?” ಎಂದು ಯಜಮಾನರು ಬಯ್ದರು.

ನಿನ್ನ ಲೈಸೆನ್ಸ್ ಇನ್ನೂ ಇದೆಯಾ ಸುಲೋ? ಕೇಳುವುದು ಅನ್ಯಾಯ ಎಂದು ಗೊತ್ತು. ಎಂಟು ವರ್ಷದ ಮೇಲೆ ಮನೆಗೆ ಬಾ ಎಂದು ಕರೆದು, ಮದುವೆಯ ದಿನ ನಿನ್ನನ್ನು ಗುಡ್ಡ ಹತ್ತಿಸುವುದು. ಆದರೂ ಕೇಳುತ್ತಿದ್ದೇನೆ.

ಐಲಿ


ತಂತಿ
ನ್ಯೂಯಾರ್ಕ್, 14 ಮೇ 1973

ಲೈಸೆನ್ಸ್ ಇದೆ. ಮದುವೆಗೆ ಮುಂಚಿನ ಗುರುವಾರ ಬರುತ್ತೇನೆ. ಆಟ ಕತ್ತರಿಸಲು ವಿಟ್ಲೋ ಒಪ್ಪಿದ್ದಾರೆ. ಕೇಕಿನ ತುಂಡು ಕೇಳಿದ್ದಾರೆ. ಸುಲೋ


ಟ್ರಾನ್ಸ್‌ಮಿಟರ್ ಷೆಡ್ಡು, ಕರಡಿಬೆನ್ನು ಗುಡ್ಡ
23 ಜೂನ್ 1973, ಶನಿವಾರ ಮಧ್ಯಾಹ್ನ

ಅಕ್ಕಾ,

ನೀನು ಮೂರು ಮೈಲಿ ಕೆಳಗೆ ಇದ್ದೀಯ, ಸಂಜೆ ಬೆಂಕಿಯ ಹತ್ತಿರ ಸಿಗುತ್ತೀಯ. ಆದರೂ ಬರೆಯುತ್ತಿದ್ದೇನೆ. ನಿನ್ನ ಮುಖ ನೋಡಿಕೊಂಡು ಇವನ್ನೆಲ್ಲ ಹೇಳಲು ಆಗುವುದಿಲ್ಲ. ಎರಡು ದಿನದಲ್ಲಿ ನಾವು ಆಡಿದ್ದೆಲ್ಲ ಕೇಕಿಗೆ ಎಷ್ಟು ಮೊಟ್ಟೆ ಎಂಬುದರ ಬಗ್ಗೆಯೇ ತಾನೆ.

ಬಾಗಿಲು ತೆರೆದಿಟ್ಟಿದ್ದೇನೆ. ಒಂದು ಕಡೆ ಸರೋವರ, ಒಂದು ಕಡೆ ಚಿಕ್ಕಮ್ಮನ ಮನೆಯ ಹೊಗೆ. ಯಂತ್ರ ಬೆಚ್ಚಗೆ ಗುಂಯ್ ಎನ್ನುತ್ತಿದೆ. ವೈನೋ ಎಲ್ಲಕ್ಕೂ ಚೀಟಿ ಅಂಟಿಸಿ ಹೋಗಿದ್ದಾನೆ: “ಇದನ್ನು ಮುಟ್ಟಬೇಡ”, “ಇದನ್ನೂ”. ಮೇಜಿನ ಮೇಲೆ ಇರುವುದು ಅಂಗೈಯಗಲದ ಪರದೆ. ಅದರಲ್ಲಿ ನೀವೆಲ್ಲ ಹೆಬ್ಬೆರಳಿನಷ್ಟು ಎತ್ತರ.

ಮೊದಲು ನೀನು ಯಜಮಾನರ ತೋಳು ಹಿಡಿದು ಒಲೆಯ ಪಕ್ಕದಿಂದ ಬಂದೆ. ಅಪ್ಪ ಇಲ್ಲದ್ದಕ್ಕೆ ಆ ಜಾಗ ನನ್ನದಾಗಬೇಕಿತ್ತು ಎಂದು ನೀನು ನಿನ್ನೆ ಮೂರು ಸಲ ಹೇಳಿದೆ. ಅಕ್ಕಾ, ಈ ದಿನ ಜಿಲ್ಲೆಯಲ್ಲಿ ಅತ್ಯಂತ ಒಳ್ಳೆಯ ಜಾಗ ನನ್ನದೇ. ನೀನು ಇಡುವ ಒಂದೊಂದು ಹೆಜ್ಜೆಯೂ ಈ ಷೆಡ್ಡನ್ನು ಹಾದೇ ಮನೆಗಳಿಗೆ ಹೋಗಬೇಕು.

ವೈನೋನ ಸರದಿ ಬಂದಾಗ ಅವನಿಗೆ ಸ್ವರವೇ ಹೊರಡಲಿಲ್ಲ. ಪಾದ್ರಿಗಳು ಎರಡನೆಯ ಸಲ ಕೇಳಿದರು. ಅವನು ಒಪ್ಪಿದೆ ಎಂದು ಎಷ್ಟು ಜೋರಾಗಿ ಕೂಗಿದನೆಂದರೆ ಇಲ್ಲಿ ಮೀಟರಿನ ಮುಳ್ಳು ಕೆಂಪು ಗೆರೆಗೆ ಹಾರಿತು. ಅದನ್ನು ಅವನದೇ ದಿನಚರಿ ಪುಸ್ತಕದಲ್ಲಿ ಬರೆದಿದ್ದೇನೆ, ಸೋಮವಾರ ನೋಡಲಿ.

ನಿನ್ನ ಸರದಿಗೆ ಸರಿಯಾಗಿ ಫೋನ್ ಹೊಡೆದುಕೊಂಡಿತು. ಚಿಕ್ಕಮ್ಮ.

“ಸುಲೋ, ಮುಸುಕಲ್ಲಿ ಹುಡುಗಿ ಮುಖಾನೇ ಕಾಣಲ್ವಲ್ಲೋ. ಸ್ವಲ್ಪ ಈ ಕಡೆ ತಿರುಗ್ಲಿ ಅನ್ನು.”

“ಚಿಕ್ಕಮ್ಮ, ಪ್ರಮಾಣ ನಡೀತಾ ಇದೆ.”

“ಅದು ಕೇಳಿಸ್ತಾ ಇದೆ. ಕಿವಿ ಕೆಟ್ಟಿಲ್ಲ ನಂಗೆ. ಕಾಲು ನೆಟ್ಟಗಿದ್ದಿದ್ರೆ ನಾನೇ ಬಂದು ತಿರುಗಿಸ್ತಿದ್ದೆ.”

ಇನ್ನೊಂದು ಫೋನಿನಲ್ಲಿ ಸ್ಟುಡಿಯೋಗೆ ಹೇಳಿದೆ. ಪರದೆಯಲ್ಲಿ ನೋಡುತ್ತಿದ್ದೇನೆ, ಯಜಮಾನರು ಬಗ್ಗಿಕೊಂಡು, ಯಾರಿಗೂ ಕಾಣುತ್ತಿಲ್ಲ ಎಂದುಕೊಂಡು, ಇಡೀ ಜಿಲ್ಲೆಯ ಕಣ್ಣಮುಂದೆ ನಡೆದುಬಂದು ನಿನ್ನ ಕಿವಿಯಲ್ಲಿ ಏನೋ ಅಂದರು. ನೀನು ನಕ್ಕೆ. ಪಾದ್ರಿಗಳಿಗೆ ಒಂದು ನಿಮಿಷ ಎಂದು ಕೈಮಾಡಿ, ಮುಸುಕನ್ನು ಎರಡೂ ಕೈಯಿಂದ ಹಿಂದಕ್ಕೆ ಹಾಕಿ, ಕ್ಯಾಮೆರಾ ಕಡೆಗೆ ಪೂರ್ತಿ ತಿರುಗಿ ನಿಂತೆ.

ಚಿಕ್ಕಮ್ಮ ಫೋನ್ ಇಟ್ಟಿರಲಿಲ್ಲ. “ಹಾಂ,” ಎಂದಳು. “ಈಗ ಬಂತು ಚಿತ್ರ.”

ಇಲ್ಲೂ ಬಂತು ಅಕ್ಕಾ.

ಸುಲೋ